ಬಾಗಿಲು ತೆರೆದರೆ ನಿಲ್ಲಬೇಕು

ಆ ಓವನ್ನು ನನ್ನ ಅಂಗಡಿಗೆ ಬಂದದ್ದು ಆಯುಧ ಪೂಜೆಗೆ ಇನ್ನೂ ಆರು ದಿನ ಇರುವಾಗ. ಆಟೋದ ಹಿಂದಿನ ಸೀಟಿನಲ್ಲಿ, ಹಳೆಯ ಸೀರೆ ಸುತ್ತಿಕೊಂಡು, ಬಾಣಂತಿಯ ಹಾಗೆ ಬಂದಿತು. ತಂದವಳು ಹಂಪಿಯ ಒಂದು ಹೋಮ್‌ಸ್ಟೇಯಲ್ಲಿ ಅಡುಗೆ ಮಾಡುವ ಹೆಣ್ಣುಮಗಳು. ಹೊಸಪೇಟೆ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಮಿಕ್ಸಿ, ಗ್ರೈಂಡರ್, ಓವನ್ ರಿಪೇರಿ ಮಾಡುವ ಹೆಂಗಸು ಎಂದರೆ ನಾನೊಬ್ಬಳೇ, ಹುಡುಕುವುದು ಕಷ್ಟವಲ್ಲ. ಆದರೂ ಬಂದವರಲ್ಲಿ ಅರ್ಧ ಜನ ಒಳಗೆ ಇಣುಕಿ "ಯಜಮಾನ್ರು ಇಲ್ಲೇನ್ರಿ?" ಎನ್ನುತ್ತಾರೆ. "ಅದೀನಲ್ರಿ, ಹೇಳ್ರಿ" ಎನ್ನುತ್ತೇನೆ. ಇವಳು ಹಾಗೆ ಕೇಳಲಿಲ್ಲ. ಅದಕ್ಕೇ ನನಗೆ ಹಿಡಿಸಿದಳು.

"ಏನಾಗೇತಿ ಇದಕ್ಕ?"

"ಏನೂ ಆಗಿಲ್ರಿ ಅಕ್ಕಾರ, ಮಸ್ತ್ ನಡಿತೈತಿ. ಆದ್ರ ಬಾಗ್ಲಾ ತಗದ್ರೂ ನಿಲ್ಲಂಗಿಲ್ಲ. ಗುಂಯ್ ಅಂತಾನ ಇರ್ತೈತಿ. ತಾಟು ತಗಿಯಾಕ ಕೈ ಹಾಕಿದ್ರ ಕೈ ಒಳಗಿಂದ ಜುಂ ಅಂತೈತಿ."

ನಾನು ಕುಡಿಯುತ್ತಿದ್ದ ಚಹಾ ಕೆಳಗಿಟ್ಟೆ. "ನಿಮ್ಮ ಹೋಮ್‌ಸ್ಟೇ ಯಜಮಾನ್ರಿಗೆ ಹೇಳಿಲ್ಲೇನು?"

"ಹೇಳೀನ್ರಿ. ಹಳೇ ಮಾಲು, ಹಂಗ ಇರ್ತೈತಿ, ನೀ ಜಲ್ದಿ ಕೈ ತಗಿ ಅಂದ್ರು. ನಾನಾ ಪೂಜಿಗೆ ಮದ್ಲ ಒಮ್ಮಿ ತೋರಿಸ್ಕೊಂಡು ಬರ್ತೀನಂತ ಹಟ ಮಾಡಿ ತಂದೀನಿ."

ಮೈಕ್ರೋವೇವ್ ಓವನ್ನಿನ ಬಾಗಿಲ ಕೊಂಡಿಯ ಹಿಂದೆ ಮೂರು ಪುಟ್ಟ ಸ್ವಿಚ್ಚುಗಳಿರುತ್ತವೆ. ಬಾಗಿಲು ತೆರೆದ ಕೂಡಲೇ ಮೊದಲೆರಡು ಕರೆಂಟನ್ನು ಕಡಿಯಬೇಕು. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು ಎರಡು. ಮೂರನೆಯದು ಆ ಎರಡನ್ನೂ ಕಾಯುವ ಕಾವಲುಗಾರ. ಅವೆರಡೂ ಕರೆಂಟು ಬಿಡದೆ ಅಂಟಿಕೊಂಡವೋ, ಇದು ಬೇಕೆಂದೇ ಶಾರ್ಟ್ ಮಾಡಿ ಫ್ಯೂಸನ್ನು ಸುಟ್ಟುಬಿಡುತ್ತದೆ. ಅಂದರೆ ಬಾಗಿಲು ತೆರೆದೂ ಓವನ್ನು ನಡೆಯಬೇಕಾದರೆ ಮೂರೂ ಒಟ್ಟಿಗೆ ಕೆಡಬೇಕು. ಅದು ತಾನಾಗಿ ಆಗುವ ಮಾತಲ್ಲ. ಯಾರೋ ಕೈ ಹಾಕಿರಲೇಬೇಕು.

ಅದನ್ನು ಚಾಲೂ ಮಾಡಿ ನೋಡುವ ಗೋಜಿಗೆ ನಾನು ಹೋಗಲಿಲ್ಲ. ಮೇಲಿನ ಕವಚ ಬಿಚ್ಚಿ, ಮೊದಲು ಕೆಪ್ಯಾಸಿಟರಿನ ಎರಡು ಕಡ್ಡಿಗಳಿಗೆ ರಬ್ಬರ್ ಹಿಡಿಯ ಸ್ಕ್ರೂಡ್ರೈವರ್ ಅಡ್ಡ ಇಟ್ಟೆ. ಪ್ಲಗ್ ತೆಗೆದ ಮೇಲೂ ಅದರಲ್ಲಿ ಮನುಷ್ಯರನ್ನು ಕೊಲ್ಲುವಷ್ಟು ವಿದ್ಯುತ್ತು ಕೂತಿರಬಹುದು. ಇದನ್ನು ಮರೆತವರು ಈ ಕಸುಬಿನಲ್ಲಿ ಬಹಳ ದಿನ ಇರುವುದಿಲ್ಲ. ಒಳಗೆಲ್ಲ ಸಂಡೂರಿನ ಕೆಂಪು ಧೂಳು, ಅದಿರಿನ ಧೂಳು. ಅದರ ನಡುವೆ ಮೊದಲೆರಡು ಸ್ವಿಚ್ಚುಗಳ ತಲೆಗೆ ಅಡ್ಡಲಾಗಿ ಒಂದೊಂದು ತುಂಡು ತಂತಿ, ಅಂದವಾಗಿ ಬೆಸುಗೆ ಹಾಕಿದ್ದು. ಮೂರನೆಯದರ ತಂತಿ ಕಳಚಿ, ತುದಿಗೆ ರಬ್ಬರ್ ಕೊಳವೆ ತೊಡಿಸಿ, ಬದಿಗೆ ಮಡಚಿ ಕಟ್ಟಿದ್ದರು. ಬಾಗಿಲು ಕಾಯುವವರ ಬಾಯಿ ಕಟ್ಟಿ ಕಾವಲುಗಾರನನ್ನು ಊರು ಬಿಡಿಸಿದ ಕೆಲಸ.

ನನಗೆ ಸಿಟ್ಟು ನೆತ್ತಿಗೇರಿತು. "ಯಾವ ಬುದ್ಧಿಗೇಡಿ ಮಾಡ್ಯಾನ ಇದನ್ನ? ಅವನ ಕೈ ಕಡಿಯ. ಕೆಲಸ ಗೊತ್ತಿಲ್ದವ ಮಾಡಿದ್ರ ಪಾಪ ಅಂತಿದ್ದೆ. ಇವ ಕೆಲಸ ಬಲ್ಲವ. ಬೆಸುಗಿ ನೋಡು ಹೆಂಗ ಮುತ್ತಿನಂಗ ಇಟ್ಟಾನ. ಇಂಥವನ್ನ ಹಂಪಿ ಬಜಾರದಾಗ ನಿಲ್ಲಿಸಿ ಕೇಳಬೇಕು" ಎಂದು ಒಂದೇ ಸಮನೆ ಬೈದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಬೈಯುತ್ತಲೇ ಕವಚದ ಧೂಳು ಒರೆಸಲು ಅದನ್ನು ಮಗುಚಿದೆ. ಒಳಮೈಗೆ ಟೇಪಿನಲ್ಲಿ ಅಂಟಿಸಿದ ಒಂದು ಚೀಟಿ. ನೀಲಿ ಶಾಯಿ ಮಾಸಿತ್ತು, ಆದರೂ ಓದಲು ಬರುತ್ತಿತ್ತು: "ಪೂಜೆ ಆದ ಮೇಲೆ ತಂತಿ ತೆಗೆಯಬೇಕು."

ಅಕ್ಷರ ನನ್ನದು.

ಐಟಿಐ ಮುಗಿಸಿದ ಹೊಸದರಲ್ಲಿ ಸಂಡೂರಿನ ಒಂದು ಗಣಿ ಕಂಪನಿಯ ಗೆಸ್ಟ್‌ಹೌಸಿನಲ್ಲಿ ನಾನು ಎಲೆಕ್ಟ್ರಿಕ್ ಕೆಲಸಕ್ಕಿದ್ದೆ. ಅಲ್ಲಿ ಇಂಥವೇ ನಾಲ್ಕು ಓವನ್ನುಗಳು, ಗುಂಡಿ ತಿರುಗಿಸುವ ಟೈಮರಿನವು. ಆಯುಧ ಪೂಜೆಯ ಹಿಂದಿನ ದಿನ ಗೆಸ್ಟ್‌ಹೌಸಿನ ಮ್ಯಾನೇಜರು ನನ್ನನ್ನು ಕರೆದರು. ಲಾರಿ, ಜನರೇಟರು, ಪಂಪು ಎಲ್ಲ ಚಾಲೂ ಇಟ್ಟು ಆರತಿ ಮಾಡುವುದು ಅಲ್ಲಿನ ಪದ್ಧತಿ. ನಿಂತ ಯಂತ್ರಕ್ಕೆ ಆರತಿ ಮಾಡಿದರೆ ವರ್ಷವಿಡೀ ನಿಂತೇ ಇರುತ್ತದೆ ಎಂದು ನಂಬಿಕೆ. ಓವನ್ನಿನ ಬಾಗಿಲು ತೆಗೆದರೆ ಅದು ನಿಲ್ಲುತ್ತಿತ್ತು. ಬಾಗಿಲು ಹಾಕಿಯೇ ಆರತಿ ಮಾಡಿ ಎಂದರೆ ಅವರು, "ಏನವ್ವಾ, ಗುಡಿ ಬಾಗ್ಲಾ ಹಾಕ್ಕೊಂಡು ಯಾರರ ಮಂಗಳಾರತಿ ಮಾಡ್ತಾರೇನು?" ಎಂದರು.

ಅರ್ಧ ನಿಮಿಷದ ಮಾತಲ್ಲವೇ ಎಂದು ಒಪ್ಪಿದೆ. ಮೊದಲು ಎರಡು ಸ್ವಿಚ್ಚಿಗಷ್ಟೇ ತಂತಿ ಹಾಕಿದಾಗ ಫಟ್ ಎಂದು ಫ್ಯೂಸು ಹೋಯಿತು. ಮೂರನೆಯದು ತನ್ನ ಕೆಲಸ ಮಾಡಿತ್ತು. ನಾನು ಅದನ್ನು ಶನಿ ಎಂದು ಬೈದು, ಅದರ ತಂತಿಯನ್ನೂ ಕಳಚಿದೆ. ನಾಲ್ಕಕ್ಕೂ ಹಾಗೆಯೇ ಮಾಡಿ ನಾಲ್ಕಕ್ಕೂ ಚೀಟಿ ಅಂಟಿಸಿದೆ. ಮರುದಿನ ಒಳಗೊಂದು ಬಟ್ಟಲು ನೀರಿಟ್ಟು, ಬಾಗಿಲು ಹಾರುಹೊಡೆದು, ಓವನ್ನು ಗುಂಯ್‌ಗುಡುತ್ತಿರುವಾಗ ಮ್ಯಾನೇಜರು ಬಗ್ಗಿ ಆರತಿ ಎತ್ತಿದರು. ಎಲ್ಲರೂ ನನ್ನನ್ನು ಹೊಗಳಿದರು. ಕಾಯಿ, ಕುಪ್ಪಸದ ಬಟ್ಟೆ ಕೊಟ್ಟರು. ನಾನು ಹಿಗ್ಗಿ ಹೀರೇಕಾಯಿಯಾದೆ. ಅದರ ಮರುದಿನ ದಸರೆಯ ರಜೆ. ರಜೆ ಮುಗಿಸಿ ಬರುವಷ್ಟರಲ್ಲಿ ಗಣಿ ಕೆಲಸ ನಿಂತು ಗೆಸ್ಟ್‌ಹೌಸಿಗೆ ಬೀಗ ಬಿದ್ದಿತ್ತು. ನಮ್ಮನ್ನೆಲ್ಲ ಗೇಟಿನಿಂದಲೇ ಕಳಿಸಿದರು. ಹೊಸ ಕೆಲಸ ಹುಡುಕುವ ಗಡಿಬಿಡಿಯಲ್ಲಿ ಆ ತಂತಿಗಳು ನನ್ನ ತಲೆಯಿಂದ ಪೂರ್ತಿ ಹೋದವು.

ಈಗ ಚೀಟಿ ನನ್ನ ಕೈಯಲ್ಲಿತ್ತು. ಮುಚ್ಚಿಡಬಹುದಿತ್ತು, ಸುಳ್ಳೇಕೆ ಹೇಳಲಿ, ಮೊದಲು ಹಾಗೇ ಮಾಡಿದೆ. ಚೀಟಿಯನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದು, "ಎರಡು ದಿನ ಬಿಟ್ಟು ಬಾರವ್ವ" ಎಂದೆ. ಅವಳು ಎದ್ದು, ಮೆಟ್ಟಿಲಿಳಿದು, ಮತ್ತೆ ತಿರುಗಿದಳು.

"ಅಕ್ಕಾರ, ಇದರಿಂದ ಕಣ್ಣಿಗೇನರ ಆಗತೈತೇನ್ರಿ? ಹಾಲು ಉಕ್ಕಿಗಿಕ್ಕೀತಂತ ಬಾಗ್ಲಾ ತಗದು ಬಗ್ಗಿ ನೋಡ್ತಿದ್ನಿ. ವರ್ಷ ಆತು ಇದನ್ನ ತಂದು. ಈಗೀಗ ಸೂಜಿಗೆ ದಾರ ಪೋಣ್ಸಾಕ ಆಗವಲ್ದು. ಅಕ್ಕಿಯಾಗಿನ ಹಳ್ಳು ಕಾಣವಲ್ದು."

ಈ ಓವನ್ನಿನ ಅಲೆಗಳು ಎಕ್ಸ್‌ರೇ ತರದವಲ್ಲ. ಮೈಯಲ್ಲಿ ಉಳಿಯುವುದಿಲ್ಲ, ಅನ್ನ ಸಾರಿನಲ್ಲೂ ಉಳಿಯುವುದಿಲ್ಲ, ಸ್ವಿಚ್ ಆರಿಸಿದರೆ ಮುಗಿಯಿತು. ಅವು ಮಾಡುವುದು ಬಿಸಿ ಮಾತ್ರ. ಆದರೆ ಬಿಸಿಯೇ ಸಾಕು. ಕೈಗೆ ಬಿದ್ದ ಬಿಸಿಯನ್ನು ರಕ್ತ ಹರಿದು ಆರಿಸುತ್ತದೆ. ಕಣ್ಣಿನ ಮಸೂರಕ್ಕೆ ರಕ್ತದ ಹರಿವು ಇಲ್ಲ, ಬೆಂದ ಮೊಟ್ಟೆಯ ಬಿಳಿಯ ಹಾಗೆ ಮಬ್ಬಾಗಬಹುದು. ಅಡುಗೆಮನೆಯಲ್ಲಿ ದುಡಿದು ಉಣ್ಣುವ ಹೆಂಗಸಿನ ಕಣ್ಣು ಅದು.

ಮುಷ್ಟಿ ಬಿಚ್ಚಿ ಚೀಟಿಯನ್ನು ಅವಳ ಕೈಗೆ ಕೊಟ್ಟೆ. "ಈಗ ಬೈದೆನಲ್ಲ, ಆ ಬುದ್ಧಿಗೇಡಿ ನಾನಾ" ಎಂದು ಶುರುಮಾಡಿ ಎಲ್ಲವನ್ನೂ ಹೇಳಿದೆ. ಅವಳು ಚೀಟಿಯನ್ನು ತೋಳುದ್ದ ದೂರ ಹಿಡಿದು, ಕಣ್ಣು ಕಿರಿದು ಮಾಡಿ ಓದಿದಳು. ಹಿಂದೆ ಮುಂದೆ ತಿರುವಿ ನೋಡಿದಳು. ಕೊನೆಗೆ, "ಹೆಸರು ಬರ್ದಿಲ್ಲಲ್ಲ ನೀವು. ಹೆಸರಿದ್ದಿದ್ರ ಯಾರರ ನಿಮ್ಮನ್ನ ಹುಡುಕಿ ಕೇಳ್ತಿದ್ರು" ಎಂದಳು. ಅವಳು ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುದಿನ ಅವಳನ್ನು ಹೊಸಪೇಟೆಯಲ್ಲೇ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಬೆಂಚಿನ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ನಾನು. ಕಣ್ಣಿಗೆ ಹನಿ ಹಾಕಿ ಕೂರಿಸಿದ್ದರು. ಮುಚ್ಚಿದ ರೆಪ್ಪೆಯಡಿ ನೀರು ಇಳಿಯುತ್ತಿತ್ತು. ಹನಿಯದೋ ಅಳುವಿನದೋ ಕೇಳುವ ಧೈರ್ಯ ನನಗಾಗಲಿಲ್ಲ. ವಿರೂಪಾಕ್ಷನಿಗೆ ಏನೇನು ಹರಕೆ ಹೊತ್ತೆನೋ ಅವನಿಗೇ ಗೊತ್ತು.

ಡಾಕ್ಟರಮ್ಮ ಎರಡೂ ಕಣ್ಣನ್ನು ಯಂತ್ರದಲ್ಲಿ ನಿಧಾನವಾಗಿ ನೋಡಿದರು. ನಾನು ಓವನ್ನಿನ ಕಥೆಯನ್ನು ಒಂದಕ್ಷರ ಬಿಡದೆ ಹೇಳಿದ್ದೆ. "ಪೊರೆ ಇಲ್ಲ, ಮಸೂರ ತಿಳಿ ಐತಿ, ಹಿಂದಿನ ಪರದೆನೂ ಚಲೋ ಐತಿ" ಎಂದರು. "ಸೂಜಿ ದಾರ ಕಾಣದಿರೋದು ವಯಸ್ಸಿಂದು. ನಲವತ್ತು ದಾಟಿದ ಮ್ಯಾಲೆ ಎಲ್ಲರಿಗೂ ಬರತೈತಿ. ಕನ್ನಡಕ ಹಾಕ್ಕೊಳ್ರಿ. ಆದ್ರ ಆ ಮಷೀನಿನ ಮುಂದ ಮತ್ತ ಹಂಗ ನಿಂದರಬ್ಯಾಡ್ರಿ." ನಾನು ಅಲ್ಲೇ ಗೋಡೆಗೆ ಒರಗಿ ನಿಂತೆ. ಅವಳು ಹೊರಗೆ ಬಂದು ಆ ದಿನ ಮೊದಲ ಸಲ ನನ್ನ ಮುಖ ನೋಡಿ, "ಉಳದ ಮೂರು ಎಲ್ಲಿ ಅದಾವ್ರಿ?" ಎಂದಳು.

ಅದೇ ಪ್ರಶ್ನೆ ನನ್ನನ್ನೂ ಕೊರೆಯುತ್ತಿತ್ತು. ಅವನ್ನು ಕೊಂಡವರೂ ನಮ್ಮ ಜನವೇ. ಇನ್ನು ಐದು ದಿನಕ್ಕೆ ಬಾಗಿಲು ತೆಗೆದು ಆರತಿ ಎತ್ತುವವರೇ. ಅಂಗಡಿಗೆ ಬೀಗ ಹಾಕಿ ಸಂಡೂರಿನ ಬಸ್ಸು ಹತ್ತಿದೆ.

ಗೆಸ್ಟ್‌ಹೌಸಿನ ಸಾಮಾನನ್ನು ಹೋದ ವರ್ಷ ಹರಾಜಿನಲ್ಲಿ ಹಿಡಿದವನು ಅಲ್ಲಿನ ಗುಜರಿ ವ್ಯಾಪಾರಿ. ನೆನಪು ಒಳ್ಳೆಯದಿತ್ತು ಪುಣ್ಯಾತ್ಮನಿಗೆ. ಒಂದು ಹಂಪಿಗೆ, ಒಂದು ಹೊಸಪೇಟೆಯ ಬೇಕರಿಗೆ, ಒಂದು ಮೆಟ್ರಿಯ ರೈಸ್‌ಮಿಲ್ ಗೌಡರ ಮನೆಗೆ. ನಾಲ್ಕನೆಯದನ್ನು ಅಯಸ್ಕಾಂತದ ಆಸೆಗೆ ತಾನೇ ಬಿಚ್ಚಿಹಾಕಿದ್ದ. "ಅದರೊಳಗಿನ ಬಿಳೀ ಪಿಂಗಾಣಿ ಉಂಗುರ ಮಾತ್ರ ಒಡಿಬ್ಯಾಡಪ್ಪ, ಅದರ ಪುಡಿ ಉಸಿರಿಗೆ ವಿಷ ಆಗಬಹುದು" ಎಂದು ಹೇಳಿ, ಒಡೆಯದೆ ಉಳಿದಿದ್ದ ಆ ಭಾಗವನ್ನು ಕಣ್ಣಾರೆ ನೋಡಿ ಹೊರಟೆ.

ಮರುದಿನ ಕಂಪ್ಲಿ ದಾರಿ ಹಿಡಿದು ಮೆಟ್ರಿಗೆ ಹೋದೆ. ಗೌಡರ ತಾಯಿ ನನ್ನನ್ನು ಕೂರಿಸಿ, ಮಜ್ಜಿಗೆ ಕೊಟ್ಟು, ಓವನ್ನು ತೋರಿಸಿದರು. ಒಳಗೆ ಬಿಳಿ ಬಟ್ಟೆ ಹಾಸಿ ಜೋಳದ ರೊಟ್ಟಿ ಜೋಡಿಸಿಟ್ಟಿದ್ದರು. "ಕರೆಂಟ್ ಯಾಕ ಬೇಕವ್ವ ಇದಕ್ಕ? ಬಾಗ್ಲಾ ಗಟ್ಟಿ ಐತಿ, ಇಲಿ ಹೋಗಂಗಿಲ್ಲ, ಇರಿವಿ ಹೋಗಂಗಿಲ್ಲ" ಎಂದರು. ಒಂದು ವರ್ಷದಲ್ಲಿ ಆ ಓವನ್ನುಗಳನ್ನು ಸರಿಯಾಗಿ ಬಳಸಿದವರು ಇವರೊಬ್ಬರೇ ಅನ್ನಿಸಿ ನಗು ಬಂತು. ಆದರೂ ಅಲ್ಲೇ ಬಿಚ್ಚಿ ನನ್ನ ತಂತಿ, ನನ್ನ ಚೀಟಿ ಎರಡನ್ನೂ ತೆಗೆದು, ಪ್ಲಗ್ ಕತ್ತರಿಸಿ ಅವರ ಕೈಗೇ ಕೊಟ್ಟೆ. ಕಟ್ಟಿಕೊಟ್ಟ ರೊಟ್ಟಿಯನ್ನು ಬಸ್ಸಿನಲ್ಲಿ ತಿಂದೆ.

ಬೇಕರಿಯವನು ಹಾಗೆ ಬಗ್ಗಲಿಲ್ಲ. ಅವನ ಓವನ್ನಿನ ಬಾಗಿಲು ಒಂದು ಮೂಲೆಯಲ್ಲಿ ಸೊಟ್ಟಗಾಗಿತ್ತು. ತೆರೆದ ಬಾಗಿಲ ಮೇಲೆ ಮೈದಾ ಡಬ್ಬಿ ಇಡುತ್ತಿದ್ದರಂತೆ. "ಚಲೋ ನಡ್ಯಾಕತ್ತೈತಿ, ಬಿಡ್ರಿ ಮೇಡಂ. ಹಬ್ಬದ ಗಿರಾಕಿ ಹೊತ್ತು. ಹೊಸ ಓವನ್ ಮಾರಾಕ ಬಂದೀರೇನು?" ಎಂದ. ಎಷ್ಟು ಹೇಳಿದರೂ ಗೋಣು ಆಡಿಸಲಿಲ್ಲ. ಬಾಯಿಮಾತಿಗೆ ಇವನು ಬಗ್ಗುವವನಲ್ಲ ಎಂದುಕೊಂಡು, ಆಗಲೇ ಪಾಲಿಟೆಕ್ನಿಕ್ ಒಂದರಲ್ಲಿ ಕಲಿಸುವ ಪರಿಚಯದ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರ ಲ್ಯಾಬಿನಲ್ಲಿ ಓವನ್ನಿನಿಂದ ಅಲೆ ಸೋರುವುದನ್ನು ಅಳೆಯುವ ಮೀಟರ್ ಇತ್ತು. ಪೂಜೆಯ ಹಿಂದಿನ ದಿನಕ್ಕೆ ಕೊಡಲು ಒಪ್ಪಿದರು.

ಅಷ್ಟರಲ್ಲಿ ಹಂಪಿಯ ಓವನ್ನನ್ನು ಕೈಗೆತ್ತಿಕೊಂಡೆ. ನನ್ನ ತಂತಿಗಳನ್ನು ತೆಗೆದೆ, ಮೂರನೆಯ ಸ್ವಿಚ್ಚಿನ ತಂತಿಯನ್ನು ಅದರ ಜಾಗಕ್ಕೆ ಸೇರಿಸಿದೆ, ಸರಿಯಾದ ಅಳತೆಯ ಪಿಂಗಾಣಿ ಫ್ಯೂಸು ಹಾಕಿದೆ. ಒಳಗೆ ಲೋಟ ನೀರಿಟ್ಟು ಗುಂಡಿ ತಿರುಗಿಸಿ, ಬದಿಗೆ ನಿಂತು ಬಾಗಿಲು ಎಳೆದೆ. ಫಟ್. ಫ್ಯೂಸು ಹೋಯಿತು. ಪಕ್ಕದ ಅಂಗಡಿಯವರು ಓಡಿ ಬಂದು, "ಹೋತೇನ್ರಿ?" ಎಂದು ಮರುಗಿದರು. ನಾನು ನಗುತ್ತಿದ್ದೆ. ಸಂಡೂರಿನಲ್ಲಿ ಶನಿ ಎಂದು ಬೈಸಿಕೊಂಡಿದ್ದ ಕಾವಲುಗಾರ, ಇಷ್ಟು ವರ್ಷ ಧೂಳಿನಲ್ಲಿ ಬಿದ್ದಿದ್ದೂ, ಕೆಲಸಕ್ಕೆ ಕರೆದ ಮೊದಲ ಕ್ಷಣವೇ ಹಾಜರಾಗಿದ್ದ. ಬಿಚ್ಚಿ ನೋಡಿದರೆ ಮೊದಲ ಸ್ವಿಚ್ಚು ಒಳಗೇ ಅಂಟಿಕೊಂಡಿತ್ತು, ಎರಡನೆಯದು ತಡವಾಗಿ ಬಿಡುತ್ತಿತ್ತು.

ನನ್ನ ಹತ್ತಿರ ಕೆಟ್ಟ ಓವನ್ನುಗಳಿಂದ ಕಿತ್ತಿಟ್ಟ ಸ್ವಿಚ್ಚುಗಳು ಡಬ್ಬಿ ತುಂಬ ಇದ್ದವು. ಹಾಕಿದ್ದರೆ ನಡೆಯುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಡಬ್ಬಿ ಮುಚ್ಚಿಟ್ಟೆ. ಹೀಗೆ ಫ್ಯೂಸು ಸುಟ್ಟ ಮೇಲೆ ಮೂರನೆಯದರ ಮೇಲೂ ಏಟು ಬಿದ್ದಿರುತ್ತದೆ, ಹಾಕಿದರೆ ಮೂರೂ ಹೊಸದೇ ಹಾಕಬೇಕು. ಹುಬ್ಬಳ್ಳಿಯಿಂದ ಬಸ್ ಪಾರ್ಸೆಲ್ಲಿನಲ್ಲಿ ತರಿಸಿದೆ. ಬಂದ ಮೊದಲ ಪಾರ್ಸೆಲ್ಲಿನಲ್ಲಿ ಮೂರೂ ಒಂದೇ ಜಾತಿಯವು. ಮೂರನೆಯದು ಉಳಿದೆರಡಕ್ಕೆ ತಿರುವುಮುರುವಾಗಿ ಕೆಲಸ ಮಾಡುವಂಥದ್ದೇ ಆಗಬೇಕು. ಫೋನಿನಲ್ಲಿ ಹುಬ್ಬಳ್ಳಿಯವನಿಗೆ ಅವನ ಜನ್ಮ ಜಾಲಾಡಿ ಹೇಳಿದ ಮೇಲೆ, ಪೂಜೆಯ ಹಿಂದಿನ ಬೆಳಿಗ್ಗೆ ಸರಿಯಾದದ್ದು ಬಂತು.

ಜೋಡಿಸುವುದರಲ್ಲಿ ಒಂದು ಸೂಕ್ಷ್ಮವಿದೆ. ಪ್ಲಗ್ ತೆಗೆದಿಟ್ಟು, ಕರೆಂಟಿಗೆ ದಾರಿ ಇದ್ದರೆ ಬೀಪ್ ಎನ್ನುವ ಮಲ್ಟಿಮೀಟರು ಹಿಡಿದು, ಬಾಗಿಲನ್ನು ಇಂಚಿಂಚು ತೆರೆಯಬೇಕು. ಮೊದಲೆರಡರ ಬೀಪ್ ನಿಲ್ಲಬೇಕು, ಅವು ನಿಂತ ಮೇಲೆಯೇ ಮೂರನೆಯದು ಕೂಗಬೇಕು. ಸರತಿ ತಪ್ಪಿದರೆ ಒಳ್ಳೆಯ ಓವನ್ನೂ ಫ್ಯೂಸು ಸುಡುತ್ತದೆ, ಬೇಸತ್ತ ಯಾರೋ ಮತ್ತೆ ತಂತಿ ಹಾಕುತ್ತಾರೆ. ಕೊಂಡಿಯ ಪಟ್ಟಿಯನ್ನು ಕೂದಲೆಳೆಯಷ್ಟು ಸರಿಸಿ, ಸ್ಕ್ರೂ ಬಿಗಿದು, ನೋಡಿ, ಮತ್ತೆ ಸಡಿಲಿಸಿ, ಮಧ್ಯಾಹ್ನದ ಊಟ ಬಿಟ್ಟು ಕೂತೆ. ಕೊನೆಗೆ ಐವತ್ತು ಸಲ ತೆರೆದು ಮುಚ್ಚಿದೆ. ಐವತ್ತೂ ಸಲ ಸರತಿ ತಪ್ಪಲಿಲ್ಲ.

ಸಂಜೆ ಮೇಷ್ಟ್ರು ಮೀಟರ್ ಹಿಡಿದು ತಾವೇ ಬಂದರು. ಒಳಗೆ ನೀರಿನ ಲೋಟ, ಬಾಗಿಲು ಮುಚ್ಚಿ ಚಾಲೂ. ಅಂಚಿನಿಂದ ಮೂರು ಬೆರಳಿನಷ್ಟು ದೂರದಲ್ಲಿ ನಾಲ್ಕೂ ಬದಿ, ಕೀಲು, ಗಾಜು ಎಲ್ಲ ಕಡೆ ಹಿಡಿದು ನೋಡಿದರು. ಮುಳ್ಳು ಅಲ್ಲಾಡಿತೋ ಇಲ್ಲವೋ ಎನ್ನುವಷ್ಟು. ಅಲ್ಲಿಂದ ಅವರನ್ನೇ ಕರೆದುಕೊಂಡು ಬೇಕರಿಗೆ ನುಗ್ಗಿದೆ. ಅಲ್ಲಿ ಬಾಗಿಲು ಮುಚ್ಚಿದ್ದಾಗಲೇ, ಸೊಟ್ಟ ಮೂಲೆಯ ಹತ್ತಿರ ಮುಳ್ಳು ಕೆಂಪು ಗೆರೆ ದಾಟಿತು. ಬೇಕರಿಯವನು ಮುಳ್ಳನ್ನು ನೋಡಿದ. ಆಮೇಲೆ ಆ ಮೂಲೆಯ ಎದುರಿಗೇ ಇದ್ದ ಸ್ಟೂಲು ನೋಡಿದ. ಅದು ಅವನ ಹೆಂಡತಿ ಕೂರುವ ಜಾಗವಂತೆ. ತಾನೇ ಪ್ಲಗ್ ಎಳೆದು ಕತ್ತರಿ ನನ್ನ ಕೈಗೆ ಕೊಟ್ಟ. ಇದನ್ನು ರಿಪೇರಿ ಮಾಡುವುದಿಲ್ಲ ಎಂದು ಹೇಳಿ ನಾನು ವೈರು ಕತ್ತರಿಸಿದೆ. ರಿಪೇರಿ ಮಾಡದೆ ಬಂದು ಇಷ್ಟು ಹೆಮ್ಮೆಪಟ್ಟದ್ದು ನನ್ನ ಕಸುಬಿನಲ್ಲಿ ಅದೊಂದೇ ಸಲ.

ಆಯುಧ ಪೂಜೆಯ ಬೆಳಿಗ್ಗೆ ಓವನ್ನಿನ ಜೊತೆ ಹಂಪಿಗೆ ಹೋದೆ. ಅಡುಗೆಮನೆಯಲ್ಲಿ ಗ್ಯಾಸ್ ಒಲೆ, ಗ್ರೈಂಡರು, ಫ್ರಿಜ್ಜು, ಎಲ್ಲಕ್ಕೂ ವಿಭೂತಿ ಬಳಿದು ಕುಂಕುಮ ಇಟ್ಟಿದ್ದರು. ಅಡುಗೆಯವಳು ಹೊಸ ಕನ್ನಡಕ ಹಾಕಿಕೊಂಡು ಅಕ್ಕಿ ಆರಿಸುತ್ತಿದ್ದಳು. ಹೋಮ್‌ಸ್ಟೇ ಯಜಮಾನರು ಆರತಿ ತಟ್ಟೆ ಹಿಡಿದು ಓವನ್ನಿನ ಮುಂದೆ ಬಂದು, ಬಾಗಿಲು ತೆರೆದು, ಗುಂಡಿ ತಿರುಗಿಸಿದರು. ಸದ್ದಿಲ್ಲ.

"ಏನ್ರಿ ಇದು, ಕೆಡಿಸ್ಕೊಂಡು ಬಂದೀರಲ್ಲ. ಮದ್ಲ ನಡೀತಿತ್ತು. ಚಾಲೂ ಇಲ್ದ ಮಷೀನಿಗೆ ಆರತಿ ಮಾಡಬಾರದ್ರಿ, ವರ್ಷಾನಗಟ್ಲೆ ನಿಂತ್ ಬಿಡತಾವ."

"ಬಾಗ್ಲಾ ತಗದಾಗ ನಿಲ್ಲೋದಾ ಅದರ ಕೆಲಸಾರಿ. ಬಾಗ್ಲಾ ಹಾಕಿ ಚಾಲೂ ಮಾಡಿ ಆರತಿ ಮಾಡ್ರಿ."

"ಗುಡಿ ಬಾಗ್ಲಾ ಹಾಕಿ ಯಾರರ ಆರತಿ ಮಾಡ್ತಾರೇನ್ರಿ?"

ಅದೇ ಮಾತು. ಅಷ್ಟು ವರ್ಷದ ಹಿಂದೆ ಬಾಯಿ ಕಟ್ಟಿಸಿದ ಅದೇ ಮಾತು. ಆದರೆ ಈ ಸಲ ಏನೇ ಆಗಲಿ ತಂತಿ ಮಾತ್ರ ಮುಟ್ಟುವುದಿಲ್ಲ ಎಂದು ಸ್ಕ್ರೂಡ್ರೈವರನ್ನು ಗಟ್ಟಿ ಹಿಡಿದು ನಿಂತೆ. ಆಗ ಅಡುಗೆಯವಳು ಮೊರ ಕೆಳಗಿಟ್ಟು ಎದ್ದು ಬಂದಳು.

"ನೈವೇದ್ಯದ ಹೊತ್ತಿನಾಗ ಗುಡಿಯಾಗ ಪರದಿ ಹಾಕ್ತಾರಲ್ರಿ ಯಜಮಾನ್ರ. ದೇವರು ಉಣ್ಣುವಾಗ ಯಾರೂ ಇಣುಕಿ ನೋಡಬಾರದಂತ. ಇದು ಅಡಗಿ ಮಾಡೋ ಮಷೀನು. ಇದಕ್ಕೂ ಪರದಿ ಇರಲಿ ಬಿಡ್ರಿ."

ಯಜಮಾನರು ಒಮ್ಮೆ ಅವಳನ್ನು, ಒಮ್ಮೆ ಓವನ್ನನ್ನು ನೋಡಿದರು. "ಅದೂ ಖರೇ" ಎಂದರು. ನನಗೆ ಎರಡು ಸಲವೂ ಹೊಳೆಯದ ಉತ್ತರವನ್ನು ಅವಳು ಅಕ್ಕಿ ಆರಿಸುತ್ತಾ ಹುಡುಕಿದ್ದಳು.

ಅವಳೇ ಒಳಗೆ ಲೋಟ ನೀರಿಟ್ಟು, ಬಾಗಿಲು ಹಾಕಿ, ಗುಂಡಿ ತಿರುಗಿಸಿದಳು. ಒಳಗೆ ದೀಪ ಹತ್ತಿತು, ತಟ್ಟೆ ತಿರುಗಿತು. ಮುಚ್ಚಿದ ಬಾಗಿಲಿಗೆ ಯಜಮಾನರು ಆರತಿ ಎತ್ತಿದರು. ಟೈಮರು ಇನ್ನೂ ಓಡುತ್ತಿರುವಾಗ ಅವಳು ಕೈ ಚಾಚಿ ಬಾಗಿಲು ಎಳೆದಳು. ಟಕ್. ಎಲ್ಲ ನಿಂತಿತು. ಅವಳು ಲೋಟ ಹೊರಗೆ ತೆಗೆದು, ಕೈಯನ್ನು ಮತ್ತೆ ಒಳಗೆ ಸ್ವಲ್ಪ ಹೊತ್ತು ಹಿಡಿದಳು. "ಜುಂ ಅನ್ನವಲ್ದು" ಎಂದಳು.

ಆಮೇಲೆ ಕುಂಕುಮದ ಬಟ್ಟಲು ತಂದು ಓವನ್ನಿನ ನೆತ್ತಿಗೊಂದು ಬೊಟ್ಟಿಟ್ಟಳು. ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಇಸಿದುಕೊಂಡು ಅದಕ್ಕೂ ಇಟ್ಟಳು. ತಿರುಗಿ ಕೊಡುವಾಗ ಕನ್ನಡಕದ ಮೇಲಿಂದ ನನ್ನನ್ನೇ ನೋಡಿ, ಮೆಲ್ಲಗೆ ಕೇಳಿದಳು.

"ಈ ಸಲ ಒಳಗ ಹೆಸರು ಬರ್ದೀರಿಲ್ಲೋ?"

"ಬರ್ದೀನವ್ವ" ಎಂದೆ. "ಹೆಸರು, ಅಂಗಡಿ, ಫೋನ್ ನಂಬರು, ಎಲ್ಲಾ."